ಮುಂಚೆಯೇ ನೋಡಿದ ನಾಲ್ಕು ಗೆರೆಗಳು

ಆ ವರ್ಷಗಳಲ್ಲಿ ನಾನು ಮೂರು ಊರುಗಳಲ್ಲಿ ಹಂಚಿಹೋಗಿದ್ದೆ. ಪಾಠ ಹೇಳುತ್ತಿದ್ದದ್ದು ಕುಮಟಾದ ಕಾಲೇಜಿನಲ್ಲಿ, ಮನೆ ಹೊನ್ನಾವರದ ಹೊಳೆ ದಾಟಿದರೆ ಸಿಗುವ ಕಾಸರಕೋಡಿನಲ್ಲಿ, ಕಂಪ್ಯೂಟರ್ ಭಟ್ಕಳದಲ್ಲಿ. ಕಾಲೇಜಿನಲ್ಲಿ ಕಂಪ್ಯೂಟರ್ ಇರಲೇ ಇಲ್ಲವೆಂದರೆ ಸುಳ್ಳಾದೀತು. ಒಂದಿತ್ತು. ಪ್ರಿನ್ಸಿಪಾಲರ ಕೋಣೆಯಲ್ಲಿ, ಅವರ ಹೆಂಡತಿ ಕಸೂತಿ ಹಾಕಿಕೊಟ್ಟ ಬಟ್ಟೆ ಹೊದ್ದುಕೊಂಡು ಕೂತಿತ್ತು. ಅದನ್ನು ಮುಟ್ಟಬೇಕಾದರೆ ಉದ್ದೇಶ ನಮೂದಿಸಿ ಅರ್ಜಿ ಕೊಡಬೇಕು. ನಾನೊಮ್ಮೆ ‘ದಕ್ಷಿಣ ಧ್ರುವದ ಹಿಮದಲ್ಲಿ ಸಿಕ್ಕ ಕಣಗಳ ದಿಕ್ಕು ಪತ್ತೆಗಾಗಿ’ ಎಂದು ಬರೆದುಕೊಟ್ಟೆ. ‘ಪರೀಕ್ಷೆ ಮುಗಿಯಲಿ’ ಎಂಬ ಷರಾದೊಂದಿಗೆ ಅರ್ಜಿ ವಾಪಸು ಬಂತು. ಯಾವ ಪರೀಕ್ಷೆ ಎಂದು ಅದರಲ್ಲಿರಲಿಲ್ಲ.

ಭಟ್ಕಳದಲ್ಲಿ ಹಾಗಲ್ಲ. ಅಲ್ಲಿ ಮನೆಗೊಬ್ಬರು ಗಲ್ಫಿನಲ್ಲಿ ಇರುವವರು, ಅವರ ಜೊತೆ ಮಾತಾಡಲಿಕ್ಕೆಂದೇ ಸೈಬರ್ ಕೆಫೆಗಳು ನಮ್ಮ ಕಡೆಗೆಲ್ಲ ಮೊದಲು ಬಂದದ್ದು ಆ ಊರಿಗೆ. ಶನಿವಾರ ಅರ್ಧ ದಿನದ ಕ್ಲಾಸು ಮುಗಿಸಿ ಬಸ್ಸು ಹತ್ತಿದರೆ ನಮ್ಮ ಮನೆಯ ಸ್ಟಾಪು ದಾಟಿಕೊಂಡೇ ಭಟ್ಕಳಕ್ಕೆ ಹೋಗುತ್ತಿದ್ದೆ. ಕೆಫೆಯ ಮಾಲೀಕರು ಪ್ಲೈವುಡ್ ಹಲಗೆಯ ಹಿಂದಿನ ಮೂಲೆಯ ಮಷಿನು ನನಗಾಗಿ ಬಿಟ್ಟಿಡುತ್ತಿದ್ದರು. ಮೊದಲ ದಿನ ಪರದೆಯ ಮೇಲಿನ ಚುಕ್ಕಿಗಳನ್ನು ನೋಡಿ, “ಮೇಡಂ, ಇದು ಎಂತ, ಹವಾಮಾನವಾ?” ಎಂದು ಕೇಳಿದ್ದರು. ಅಲ್ಲ, ಆಕಾಶದಿಂದ ಬಂದ ಕಣಗಳು ಎಂದೆ. “ಒಳ್ಳೇದು” ಎಂದು ಫ್ಯಾನನ್ನು ನನ್ನ ಕಡೆ ತಿರುಗಿಸಿ ಹೋದರು. ಮತ್ತೆಂದೂ ಕೇಳಲಿಲ್ಲ. ನನ್ನ ಸಂಶೋಧನೆಗೆ ಅಷ್ಟು ಒಳ್ಳೆಯ ಬೆಂಬಲ ಬೇರೆಲ್ಲೂ ಸಿಗಲಿಲ್ಲ.

ಕೆಲಸ ಏನೆಂದರೆ, ಧ್ರುವದ ಹಿಮದಲ್ಲಿ ಬಹಳ ಆಳಕ್ಕೆ ಗಾಜಿನ ಗೋಳಗಳನ್ನು ಸರದ ಹಾಗೆ ಪೋಣಿಸಿ ಇಳಿಬಿಟ್ಟಿದ್ದರು. ಪ್ರತಿ ಗೋಳದೊಳಗೂ ಒಂದು ಕಣ್ಣು. ಬೆಳಕು ಕಂಡ ಕ್ಷಣವನ್ನು ಅದು ಗುರುತು ಹಾಕಿಕೊಳ್ಳುತ್ತದೆ. ನ್ಯೂಟ್ರಿನೊ ಎಂಬ ಕಣ ಯಾವುದಕ್ಕೂ ತಾಗದೆ ಭೂಮಿಯನ್ನೇ ತೂರಿಕೊಂಡು ಬರುತ್ತದೆ. ಅಪರೂಪಕ್ಕೊಂದು ಮಾತ್ರ ಆ ಗೋಳಗಳ ಹತ್ತಿರದಲ್ಲಿ ಪರಮಾಣುವಿಗೆ ಬಡಿದು ಮ್ಯೂಆನ್ ಎಂಬ ಇನ್ನೊಂದು ಕಣವನ್ನು ಹುಟ್ಟಿಸುತ್ತದೆ. ಶಕ್ತಿ ಹೆಚ್ಚಿದ್ದರೆ ಈ ಮ್ಯೂಆನ್, ನ್ಯೂಟ್ರಿನೊ ಬಂದ ದಿಕ್ಕಿನಲ್ಲೇ ಹೆಚ್ಚುಕಮ್ಮಿ ನೆಟ್ಟಗೆ ಓಡುತ್ತದೆ. ಓಡಿದ ದಾರಿಯುದ್ದಕ್ಕೂ ಹಿಮದಲ್ಲಿ ಮಸುಕಾದ ನೀಲಿ ಬೆಳಕು. ಯಾವ ಗೋಳ ಯಾವ ಕ್ಷಣದಲ್ಲಿ ಆ ಬೆಳಕು ಕಂಡಿತು ಎಂಬುದರಿಂದ ಒಂದು ಗೆರೆ ಎಳೆಯಬಹುದು. ಆ ಗೆರೆಯನ್ನೇ ಹಿಂದಕ್ಕೆ ಎಳೆಯುತ್ತ ಹೋದರೆ ಆಕಾಶದ ಒಂದು ಜಾಗ ಸಿಗುತ್ತದೆ.

ಮೇಲಿನಿಂದ ಕೆಳಗೆ ಬರುವ ಮ್ಯೂಆನ್‌ಗಳು ಲೆಕ್ಕವಿಲ್ಲದಷ್ಟು. ಅವು ನಮ್ಮ ಗಾಳಿಯಲ್ಲೇ ಹುಟ್ಟಿದವು, ಬಿಸಾಕಬೇಕು. ಕೆಳಗಿನಿಂದ ಮೇಲೆ ಬಂದವನ್ನು ಮಾತ್ರ ಇಟ್ಟುಕೊಳ್ಳಬೇಕು, ಏಕೆಂದರೆ ಭೂಮಿಯನ್ನು ತೂರಿ ಬರಲು ನ್ಯೂಟ್ರಿನೊಗೆ ಮಾತ್ರ ಸಾಧ್ಯ. ಹಾಗಾಗಿ ಉತ್ತರದ ಆಕಾಶವನ್ನು ನೋಡಲು ದಕ್ಷಿಣ ಧ್ರುವದಲ್ಲಿ ನಿಂತು ನೆಲ ನೋಡುತ್ತೇವೆ. ಇದನ್ನು ಬಿಎಸ್ಸಿ ಕ್ಲಾಸಿನಲ್ಲಿ ಹೇಳಿದಾಗ ಹಿಂದಿನ ಬೆಂಚು ನಕ್ಕಿತು. ನಗುವಂಥದ್ದೇ. ಹೀಗೆ ಉಳಿದವುಗಳಲ್ಲೂ ಬಹುಪಾಲು ಭೂಮಿಯ ಆಚೆ ಬದಿಯ ಗಾಳಿಯಲ್ಲಿ ಹುಟ್ಟಿದವು. ನಿಜವಾಗಿ ದೂರದಿಂದ ಬಂದವು ಎನ್ನಬೇಕಾದರೆ ಶಕ್ತಿ ಬಹಳ ಇರಬೇಕು, ಒಂದೇ ಜಾಗದಿಂದ ಆಕಸ್ಮಿಕಕ್ಕಿಂತ ಹೆಚ್ಚು ಗೆರೆಗಳು ಬರಬೇಕು. ಹಾಗೆ ಬಂದರೆ ಅಲ್ಲೊಂದು ಮೂಲವಿದೆ ಎಂದರ್ಥ. ಅಷ್ಟು ಶಕ್ತಿಯ ನ್ಯೂಟ್ರಿನೊಗಳ ಮೂಲ ಆಗಿನ್ನೂ ಯಾರಿಗೂ ಸಿಕ್ಕಿರಲಿಲ್ಲ.

ನನ್ನ ಗೈಡ್ ಬೆಂಗಳೂರಿನಲ್ಲಿದ್ದರು. ಧ್ರುವದಿಂದ ಬಂದ ಮಾಹಿತಿಯನ್ನು ಸೀಡಿಗೆ ಹಾಕಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದರು. ಅದರಲ್ಲಿ ಒಂದು ಕಟ್ಟುನಿಟ್ಟಿತ್ತು: ಗೆರೆಗಳ ಸಮಯವನ್ನು ಬೇಕೆಂದೇ ಕಲಸಿ ಕೊಡುತ್ತಿದ್ದರು. ಭೂಮಿ ತಿರುಗುತ್ತಿರುವುದರಿಂದ ಸರಿಯಾದ ಸಮಯ ಗೊತ್ತಿಲ್ಲದಿದ್ದರೆ ಗೆರೆ ಆಕಾಶದಲ್ಲಿ ಎಲ್ಲಿ ಮುಟ್ಟುತ್ತದೆಂದು ಗೊತ್ತಾಗುವುದಿಲ್ಲ. ಯಾವ ಗೆರೆ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು, ಶಕ್ತಿಯ ಗಡಿ ಎಲ್ಲಿ, ಎಲ್ಲವನ್ನೂ ಈ ಸುಳ್ಳು ಆಕಾಶದಲ್ಲೇ ನಿರ್ಧರಿಸಬೇಕು. ನಿರ್ಧರಿಸಿ, ಬರೆದು, ಸಹಿ ಹಾಕಿದ ಮೇಲೆ ನಿಜವಾದ ಸಮಯ ಹಾಕಿ ಒಂದೇ ಸಲ ನೋಡುವುದು. ಇದಕ್ಕೆ ಪೆಟ್ಟಿಗೆ ತೆರೆಯುವುದು ಎನ್ನುತ್ತಿದ್ದೆವು. ಮುಂಚೆಯೇ ನೋಡಿದರೆ ಮನಸ್ಸು ತನಗೆ ಬೇಕಾದ ಕಡೆ ಎಳೆಯುತ್ತದೆ ಎಂದು ಗೈಡ್ ಮೊದಲ ದಿನವೇ ಹೇಳಿದ್ದರು. ನನ್ನ ಮನಸ್ಸು ಅಂಥದ್ದಲ್ಲ ಎಂದು ನಾನು ಅಂದುಕೊಂಡಿದ್ದೆ.

ಊರಿನಲ್ಲಿ ಈ ಕೆಲಸ ಸರಿಯಾಗಿ ಅರ್ಥವಾದದ್ದು ಅಪ್ಪನೊಬ್ಬನಿಗೆ. ಅಪ್ಪ ಮೀನು ಹಿಡಿಯುವವನು. ಮಷಿನ್ ಕೂರಿಸಿದ ಒಂದು ದೋಣಿ, ಜೊತೆಗೆ ಮೂವರು. ಸಮುದ್ರದಲ್ಲಿ ಅವನದೊಂದು ಜಾಗವಿತ್ತು, ಅವನ ಅಪ್ಪನಿಂದ ಬಂದದ್ದು. ದಡದ ನೀರಿನ ಟ್ಯಾಂಕು ಹಿಂದಿನ ಗುಡ್ಡದ ಕೊರಕಲಿಗೆ ಸರಿಯಾಗಿ ಕೂತರೆ ಒಂದು ಗೆರೆ. ಒಂಟಿ ತಾಳೆಮರ ಇನ್ನೊಂದು ಗುಡ್ಡದ ಬೋಳು ನೆತ್ತಿಗೆ ಕೂತರೆ ಇನ್ನೊಂದು ಗೆರೆ. ಎರಡೂ ಕೂಡಿದಲ್ಲಿ ಮೀನು. ಆ ಜಾಗ ಹತ್ತಿರವಾದಾಗ ಉಳಿದ ಮೂವರೂ ದಡಕ್ಕೆ ಬೆನ್ನು ಹಾಕಿ ಪಡುವಣಕ್ಕೆ ಮುಖ ಮಾಡಿ ಕೂರಬೇಕು. ಇಪ್ಪತ್ತು ವರ್ಷ ಜೊತೆಗಿದ್ದವರೂ ಹಾಗೇ ಕೂರುತ್ತಿದ್ದರು. ಹೆಣ್ಣುಮಕ್ಕಳು ದೋಣಿ ಹತ್ತುವ ರೂಢಿ ನಮ್ಮಲ್ಲಿಲ್ಲವಾದ್ದರಿಂದ ನಾನು ಆ ಜಾಗ ನೋಡಿಲ್ಲ. ದಕ್ಷಿಣ ಧ್ರುವವನ್ನೂ ನೋಡಿಲ್ಲ. ಎರಡರ ಬಗ್ಗೆಯೂ ಧೈರ್ಯವಾಗಿ ಮಾತಾಡುತ್ತೇನೆ.

ಗೈಡ್ ಸಮಯ ಕಲಸಿ ಕೊಡುವ ಸಂಗತಿ ಹೇಳಿದಾಗ ಅಪ್ಪನಿಗೆ ಬಹಳ ಸಮಾಧಾನವಾಯಿತು. “ಅವ್ರು ಬುದ್ಧಿ ಇದ್ದವ್ರು” ಎಂದ. ಅವನ ತಕರಾರು ಬೇರೆ ಇತ್ತು.

“ಒಂದೇ ಗೆರೆ ಸಾಕಾತದಾ? ಎರಡು ಬೇಕಲ್ದಾ?”

“ನಮ್ಗೆ ದಿಕ್ಕು ಸಾಕು ಅಪ್ಪಾ, ದೂರ ಬೇಡ.”

“ದೂರ ಗೊತ್ತಿಲ್ದೇ ಬಲೆ ಎಲ್ಲಿ ಬಿಡ್ತೆ?”

ಅಪ್ಪ ಪ್ರತಿ ಭಾನುವಾರ ಊಟಕ್ಕೆ ಕೂತಾಗ “ಸಿಕ್ತಾ?” ಎಂದು ಕೇಳುತ್ತಿದ್ದ. ಇಲ್ಲ ಎನ್ನುತ್ತಿದ್ದೆ. ಮೀನು ಇಳಿಸುವ ಕಡೆ ಜನ ಅವನನ್ನು ಕೇಳುತ್ತಿದ್ದರು, ಅವನೂ ಇಲ್ಲ ಎನ್ನುತ್ತಿದ್ದ. ಪಿಎಚ್‌ಡಿಗೆ ಹೆಸರು ಹಚ್ಚಿ ಆಗಲೇ ಆರನೆಯ ವರ್ಷ, ಯೂನಿವರ್ಸಿಟಿ ಕೊನೆಯದೆಂದು ಹೇಳಿ ಗಡುವನ್ನು ಒಂದು ವರ್ಷ ಮುಂದೂಡಿತ್ತು. ಆದರೆ ನಿಜ ಹೇಳಬೇಕೆಂದರೆ ನನಗೆ ಪದವಿಗಿಂತ ಹೆಚ್ಚಾಗಿ ಬೇಕಿದ್ದದ್ದು ಒಂದೇ ಒಂದು ಭಾನುವಾರ ಅಪ್ಪನಿಗೆ “ಸಿಕ್ತು” ಎನ್ನುವುದು. ಇದನ್ನು ಬರೆಯಲು ಈಗಲೂ ಸ್ವಲ್ಪ ನಾಚಿಕೆಯಾಗುತ್ತದೆ.

ಜೂನ್ ತಿಂಗಳ ಒಂದು ಶನಿವಾರ. ಹೊರಗೆ ಜೋರು ಮಳೆ, ಕೆಫೆಯಲ್ಲಿ ನಾನೊಬ್ಬಳೇ. ಆ ಸಲ ಬಂದ ಸೀಡಿಯಲ್ಲಿ ಗೋಳಗಳು ಸರಿಯಾಗಿ ಕೆಲಸ ಮಾಡುತ್ತಿವೆಯೇ ಎಂದು ನೋಡುವುದಕ್ಕಾಗಿ ಒಂದು ಫೈಲು ಇತ್ತು. ಅದರಲ್ಲಿ ನಿಜವಾದ ಸಮಯವನ್ನು ಯಾರೋ ತೆಗೆಯದೆ ಬಿಟ್ಟಿದ್ದರು. ಎರಡು ಫೈಲು ಜೋಡಿಸಿದರೆ ಆಯಿತು, ಪೆಟ್ಟಿಗೆಗೆ ಬೀಗವೇ ಇಲ್ಲ. ಸುಮ್ಮನೆ ಸರಿಯಿದೆಯೇ ನೋಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಜೋಡಿಸಿದೆ. ನಿಜವಾದ ಆಕಾಶ ಪರದೆಯ ಮೇಲೆ ಬಂತು. ಒಂದು ಸಣ್ಣ ಜಾಗದಲ್ಲಿ ನಾಲ್ಕು ಗೆರೆಗಳು ಒಟ್ಟಿಗೆ ಬಿದ್ದಿದ್ದವು. ಆಕಸ್ಮಿಕವಾಗಿ ಬರುವುದಾದರೆ ಅಲ್ಲಿ ಎರಡು ಇರಬೇಕು.

ಹಲಗೆಯ ಆಚೆಯಿಂದ ಮಾಲೀಕರು, “ಮೇಡಂ, ಕರೆಂಟ್ ಹೋಗ್ತದೆ, ಸೇವ್ ಮಾಡಿ” ಎಂದರು. ಸೇವ್ ಮಾಡಿದೆ.

ಆ ಸಂಜೆ ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. “ಒಂದ್ಕಡೆ ನಾಲ್ಕು ಬಿದ್ದದೆ. ಯಾರಿಗೂ ಹೇಳ್ಬೇಡ.” ಅಪ್ಪ ಯಾರಿಗೂ ಹೇಳುವುದಿಲ್ಲ ಎಂದ. ಮಳೆಗಾಲ, ದೋಣಿಯನ್ನು ಮೇಲೆ ಎಳೆದಾಗಿತ್ತು, ಬಲೆ ರಿಪೇರಿ ಬಿಟ್ಟರೆ ಯಾರಿಗೂ ಕೆಲಸವಿರಲಿಲ್ಲ. ಸೋಮವಾರದ ಹೊತ್ತಿಗೆ ಇಡೀ ಕೇರಿಗೆ ಗೊತ್ತಾಗಿತ್ತು. ಎಲ್ಲಿ ಸಿಕ್ಕಿತು ಎಂದು ಜನ ಕೇಳಿದರೆ ಅಪ್ಪ ಕೈ ಚಾಚಿ ಬಡಗು ದಿಕ್ಕಿನ ಆಕಾಶ ತೋರಿಸುತ್ತಿದ್ದ. ಬೆಳಿಗ್ಗೆಯೂ ಅಲ್ಲೇ, ಸಂಜೆಯೂ ಅಲ್ಲೇ. ಆಕಾಶ ತಿರುಗುತ್ತದಲ್ಲ ಅಪ್ಪಾ ಎಂದೆ. “ಅದು ನಂಗೆ ಗೊತ್ತಿಲ್ವಾ? ಅವ್ರಿಗೆ ಅಷ್ಟು ಸಾಕು” ಎಂದ.

ಆಮೇಲಿನ ಎರಡು ತಿಂಗಳು ನಾನು ಬಹಳ ಶ್ರದ್ಧೆಯಿಂದ ಕೆಲಸ ಮಾಡಿದೆ. ಶಕ್ತಿಯ ಗಡಿಯನ್ನು ಸ್ವಲ್ಪ ಕೆಳಗಿಳಿಸಿದೆ. ಅದಕ್ಕೆ ಒಳ್ಳೆಯ ಕಾರಣವಿತ್ತು, ನೋಟ್‌ಬುಕ್ಕಿನಲ್ಲಿ ಬರೆದೆ. ಐದನೆಯ ಗೆರೆ ಒಳಗೆ ಬಂತು. ಗೆರೆ ಎಷ್ಟು ನೆಟ್ಟಗಿರಬೇಕು ಎಂಬ ನಿಯಮವನ್ನು ಕೊಂಚ ಸಡಿಲಿಸಿದೆ. ಅದಕ್ಕೂ ಕಾರಣವಿತ್ತು, ಬರೆದೆ. ಆರನೆಯದು ಬಂತು. ಆಗಸ್ಟ್ ಮುಗಿಯುವಾಗ ಅಲ್ಲಿ ಏಳು ಗೆರೆಗಳಿದ್ದವು. ನಾನು ಮೋಸ ಮಾಡುತ್ತಿದ್ದೇನೆ ಎಂದು ಒಂದು ದಿನವೂ ನನಗೆ ಅನ್ನಿಸಲಿಲ್ಲ. ನನ್ನ ಕಾರಣಗಳನ್ನು ಓದಿ ಗೈಡ್ ಕೂಡ ಮೆಚ್ಚಿದರು. ಚೌತಿ ಮುಗಿದ ಮೇಲೆ ಬೆಂಗಳೂರಿಗೆ ಬನ್ನಿ, ಪೆಟ್ಟಿಗೆ ತೆರೆಯೋಣ ಎಂದು ಬರೆದರು. ಒಳಗೇನಿದೆಯೆಂದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಅಷ್ಟರಲ್ಲಿ ದೋಣಿಗಳು ಮತ್ತೆ ನೀರಿಗಿಳಿದಿದ್ದವು. ಚೌತಿಯ ಮುಂಚಿನ ಭಾನುವಾರ ನಾನು ಮನೆಯಲ್ಲಿದ್ದೆ. ಅವ್ವಿ, ಎಂದರೆ ನನ್ನ ತಾಯಿ, ಬುಟ್ಟಿ ಹೊತ್ತು ಮೀನು ಮಾರಿ ಬಂದವಳು ಬಡಿಸುತ್ತಿದ್ದಳು. ಬಂಗಡೆ ಸಾರು. ಅಪ್ಪನಿಗೆ ಆ ಮಳೆಗಾಲದಲ್ಲಿ ಒಂದು ಅನ್ಯಾಯವಾಗಿತ್ತು. ದಡದಲ್ಲಿ ಯಾರೋ ಮೂರು ಅಂತಸ್ತಿನ ಮನೆ ಎಬ್ಬಿಸಿದ್ದರು, ನೀರಿನ ಟ್ಯಾಂಕು ಅದರ ಹಿಂದೆ ಮರೆಯಾಗಿ ಹೋಗಿತ್ತು. ಹೊಸ ಗುರುತು ಸಿಕ್ಕಿತು ಎಂದು ಅಪ್ಪ ಅವತ್ತು ಬಹಳ ಖುಷಿಯಲ್ಲಿದ್ದ. ಆ ಮನೆಯ ಮೇಲಿನ ಡಿಶ್ ಆಂಟೆನಾವನ್ನೇ ಗುಡ್ಡದ ಕೊರಕಲಿಗೆ ಕೂರಿಸಿದರೆ ಸರಿಯಾಗಿ ಹಳೆಯ ಜಾಗ, ನಿನ್ನೆ ಒಳ್ಳೆ ಇಸ್ವಾಣ ಮೀನು ಬಿತ್ತು ಎಂದ.

ಅವ್ವಿ ಅವನಿಗಲ್ಲ, ನನಗೆ ಹೇಳಿದಳು.

“ಹೋದ ವಾರ ಮನೆ ಪಕ್ಕದ ತೆಂಗಿನಮರ ಅಂದ್ರು. ಮೀನಿಲ್ಲ. ಆಮೇಲೆ ಮನೆ ಮೂಲೆ ಅಂದ್ರು. ಮೀನಿಲ್ಲ. ನಿನ್ನೆ ಮೀನು ಬಿತ್ತು, ಬಿದ್ದಲ್ಲಿಂದ ತಿರುಗಿ ನೋಡಿದ್ರು, ಆಂಟೆನಾ ಕಾಣ್ತು. ಇವ್ರಿಗೆ ಮೀನು ಬಿದ್ದದ್ದೇ ಜಾಗ.”

“ನಿಂಗೆ ಎಂತ ಗೊತ್ತು?” ಎಂದ ಅಪ್ಪ.

“ನಂಗೆ ಎಂತ ಗೊತ್ತು. ನಾ ಮಾರೂಕೆ ಹೋಗವ್ಳು” ಎಂದು ಅವಳು ನನ್ನ ತಟ್ಟೆಗೆ ಇನ್ನೊಂದು ಬಂಗಡೆ ಹಾಕಿದಳು.

ನಾನು ಅದನ್ನು ತಿನ್ನಲಾಗದೆ ಕೂತೆ. ನನ್ನ ನೋಟ್‌ಬುಕ್ಕಿನ ಒಂದೊಂದು ಪುಟವೂ ಕಣ್ಣೆದುರು ಬಂತು. ಐದನೆಯ ಗೆರೆಗೆ ಬರೆದ ಕಾರಣ, ಆರನೆಯದಕ್ಕೆ ಬರೆದ ಕಾರಣ. ಆ ಕಾರಣಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಆ ಜೂನ್ ಶನಿವಾರ ನಾನು ಪರದೆ ನೋಡದೇ ಇದ್ದಿದ್ದರೆ ಅವು ಯಾವುವೂ ನನಗೆ ಹೊಳೆಯುತ್ತಿರಲಿಲ್ಲ. ಊಟ ಬಿಟ್ಟು ಎದ್ದದ್ದಕ್ಕೆ ಅವ್ವಿ ಮೀನಿಗೆ ಉಪ್ಪು ಹೆಚ್ಚಾಯಿತಾ ಎಂದು ಕೇಳಿದಳು.

ಸೋಮವಾರ ಕುಮಟಾ ಬಸ್ ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿನಿಂದ ಗೈಡ್‌ಗೆ ಫೋನು ಮಾಡಿದೆ. ಮೂರು ಸಲ ಡಯಲ್ ಮಾಡಿ ರಿಂಗ್ ಆಗುವ ಮುಂಚೆಯೇ ಇಟ್ಟೆ. ನಾಲ್ಕನೆಯ ಸಲ ಅವರೇ ಎತ್ತಿದರು. ಹೇಳಿದೆ.

“ಎಷ್ಟು ಸಲ ನೋಡಿದಿರಿ?”

“ಒಂದೇ ಸಲ, ಸರ್.”

“ಎಷ್ಟು ಸಲ ಆದ್ರೂ ಒಂದೇ ಬಿಡಿ. ನೋಡಮ್ಮಾ, ಆ ಡೇಟಾ ನಿಮ್ಮ ಪಾಲಿಗೆ ಕೆಟ್ಟುಹೋಯ್ತು. ಈಗಿರೋ ನಿಯಮಗಳನ್ನ ಹಾಗೇ ಬರೆದು ಸಹಿ ಹಾಕಿ ಕಳಿಸಿ. ಒಂದಕ್ಷರ ಬದಲಾಯಿಸೋ ಹಾಗಿಲ್ಲ. ಮುಂದಿನ ಮೂರು ವರ್ಷ ಬರೋ ಹೊಸ ಡೇಟಾದಲ್ಲಿ ಅದೇ ಜಾಗ ನೋಡಿ. ಅಲ್ಲಿ ನಿಜವಾಗಿ ಏನಾದ್ರೂ ಇದ್ರೆ ಮತ್ತೆ ಬರುತ್ತೆ.”

“ಯೂನಿವರ್ಸಿಟಿಯವರು ಒಂದೇ ವರ್ಷ ಕೊಟ್ಟಿದಾರೆ ಸರ್.”

“ಬರೆದು ನೋಡ್ತೀನಿ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಹಗುರವಾಗುತ್ತಿತ್ತು.

ಅಪ್ಪನಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಹೇಳಿದೆ. ಏಳು ಗೆರೆ ಲೆಕ್ಕಕ್ಕಿಲ್ಲ, ಮುಂಚೆಯೇ ನೋಡಿಬಿಟ್ಟಿದ್ದೇನೆ, ನಿಯಮ ಬದಲಿಸದೆ ಇನ್ನು ಮೂರು ವರ್ಷ ಅದೇ ಜಾಗ ನೋಡಬೇಕು ಎಂದೆ. ಅವನು ಬಲೆ ಹಿಡಿದಿದ್ದ ಕೈ ನಿಲ್ಲಿಸಿದ.

“ನೀ ಹೇಳ್ದೇ ಇದ್ರೆ ಯಾರಿಗೆ ಗೊತ್ತಾತಿತ್ತು?”

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಅವನು ಎದ್ದು ಹೊರಗೆ ಹೋದ. ಚೌತಿಯ ದಿನ ಮಾತಾಡಲಿಲ್ಲ, ದೀಪಾವಳಿಗೂ ಮಾತಾಡಲಿಲ್ಲ. ಭಾನುವಾರದ ಊಟಕ್ಕೆ ಕೂತರೆ “ಸಿಕ್ತಾ?” ಎಂಬ ಪ್ರಶ್ನೆಯೂ ನಿಂತಿತು. ಆರು ವರ್ಷ ಆ ಪ್ರಶ್ನೆ ನನಗೆ ಕಿರಿಕಿರಿಯಾಗಿತ್ತು. ಈಗ ಅದು ಬೇಕೆನ್ನಿಸಿ ಸಂಕಟವಾಗುತ್ತಿತ್ತು. ಮೀನು ಇಳಿಸುವ ಕಡೆ ಜನ ಕೇಳಿದರೆ ಅವನು ಕಿವಿ ಕೇಳದವನ ಹಾಗೆ ಇರುತ್ತಾನೆಂದು ಅವ್ವಿ ಹೇಳಿದಳು.

ಜನವರಿಯಲ್ಲಿ ಅವ್ವಿ ಇನ್ನೊಂದು ದೂರು ತಂದಳು. “ದಿನಾ ಬೆಳಿಗ್ಗೆ ಹೊರಡೂಕಿಂತ ಮುಂಚೆ ನನ್ನ ಎಬ್ಸಿ, ಇಂದೂ ಆಂಟೆನಾ, ಇಂದೂ ಅದೇ ಅಂತ್ರು. ಕೇಳಿ ಕೇಳಿ ಸಾಕಾತು. ನಿಮ್ಮಪ್ಪಂಗೆ ಎಂತ ಆಗದೆ?” ಮೀನು ಬೀಳುವ ಮುಂಚೆಯೇ ಗುರುತು ಹೇಳಿಟ್ಟು ಹೋಗುತ್ತಿದ್ದಾನೆ ಎಂದು ನನಗೆ ಅರ್ಥವಾಯಿತು, ಆದರೆ ಅವಳಿಗೆ ಹೇಳಲಿಲ್ಲ.

ಮಳೆ ಹಿಡಿದು ದೋಣಿ ಮೇಲೆ ಬಂದ ಮೇಲೆ ಒಂದು ಭಾನುವಾರ ಅಪ್ಪ ತಾನಾಗಿ ಬಂದು ನನ್ನ ಪಕ್ಕದಲ್ಲಿ ಕೂತ.

“ಆ ಜಾಗ ಇಲ್ಲ ಮಗಾ” ಎಂದ. “ಗುರುತು ಬದಲು ಮಾಡ್ದೇ ದಿನಾ ಹೋದೆ. ಬೇರೆ ಕಡೆ ಎಷ್ಟು ಬಿತ್ತೋ ಅಲ್ಲೂ ಅಷ್ಟೇ. ಅಪ್ಪನ ಕಾಲಕ್ಕೆ ಇತ್ತೋ ಎಂತೋ. ಈಗ ಇಲ್ಲ.”

ಆ ಕ್ಷಣ ನಾನು ಕಲಿತದ್ದೆಲ್ಲ ಸುಟ್ಟುಹೋಗಲಿ ಎನ್ನಿಸಿತು. ಆ ಜಾಗವನ್ನು ಅವನಿಂದ ಕಿತ್ತುಕೊಳ್ಳಬೇಕೆಂದು ನಾನು ಬಯಸಿರಲಿಲ್ಲ. ನೀರಿನ ಸೆಳೆತ ಬದಲಾಗಿರಬಹುದು ಅಪ್ಪಾ, ದೊಡ್ಡ ಬೋಟುಗಳು ಬಂದು ಬಾಚಿಕೊಂಡು ಹೋಗುತ್ತವಲ್ಲ, ಆಂಟೆನಾ ಸರಿಯಾದ ಗುರುತಲ್ಲದಿರಬಹುದು ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

“ನೀ ಕಾರಣ ಹುಡುಕ್ಬೇಡ” ಎಂದ ಅಪ್ಪ.

ಯೂನಿವರ್ಸಿಟಿ ನನ್ನ ಗೈಡ್ ಬರೆದ ಪತ್ರಗಳಿಗೆ ಹೆದರಿಯೋ ಬೇಸತ್ತೋ ಗಡುವನ್ನು ಮತ್ತೆ ಮುಂದೂಡಿತು. ನಾನು ಕುಮಟಾ–ಭಟ್ಕಳ ಬಸ್ಸಿನಲ್ಲಿ ಓಡಾಡಿದೆ. ಹೊಸ ಗೆರೆಗಳನ್ನು ಎಳೆದೆ, ಎಲ್ಲಿ ಮುಟ್ಟುತ್ತವೆಂದು ನೋಡಲಿಲ್ಲ. ನೋಡಲು ಬರುತ್ತಲೂ ಇರಲಿಲ್ಲ. ಆ ಫೈಲಿನ ತಪ್ಪನ್ನು ಬೆಂಗಳೂರಿನಲ್ಲಿ ಸರಿಮಾಡಿದ್ದರು. ಈ ನಡುವೆ ಕಾಲೇಜಿಗೆ ಹೊಸ ಪ್ರಿನ್ಸಿಪಾಲರು ಬಂದು ಹತ್ತು ಕಂಪ್ಯೂಟರುಗಳ ಕೋಣೆಯನ್ನೇ ಮಾಡಿಸಿದರು. ಹಾಗಾಗಿ ಪೆಟ್ಟಿಗೆ ತೆರೆದದ್ದು ಕುಮಟಾದಲ್ಲೇ, ಒಂದು ಬುಧವಾರ ಮಧ್ಯಾಹ್ನ, ಬಿಕಾಂ ಹುಡುಗಿಯರ ಟೈಪಿಂಗ್ ಕ್ಲಾಸು ಮುಗಿದ ಮೇಲೆ. ಗೈಡ್ ನಿಜವಾದ ಸಮಯದ ಫೈಲನ್ನು ಇಮೇಲಿನಲ್ಲಿ ಕಳಿಸಿ ಫೋನಿನಲ್ಲಿ ಕಾಯುತ್ತಿದ್ದರು.

ಆ ಜಾಗದಲ್ಲಿ ಎರಡು ಗೆರೆಗಳಿದ್ದವು. ಆಕಸ್ಮಿಕವಾಗಿ ಎಷ್ಟು ಬರಬೇಕೋ ಅಷ್ಟೇ.

“ಎರಡು, ಸರ್.”

“ಸರಿ. ಹಾಗೇ ಬರೀರಿ” ಎಂದರು. ಆಮೇಲೆ, ಇಡುವ ಮುಂಚೆ, “ಊಟ ಆಯ್ತಾ?” ಎಂದು ಕೇಳಿದರು. ಒಂಬತ್ತು ವರ್ಷಗಳಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು.

ಬಸ್ಸು ಹಿಡಿದು ಕಾಸರಕೋಡಿನಲ್ಲಿ ಇಳಿದೆ. ಮನೆಗೆ ಹೋಗಲು ಮೀನು ಇಳಿಸುವ ಕಡೆಯಿಂದಲೇ ಹಾದುಹೋಗಬೇಕು. ಅಪ್ಪ ಐದಾರು ಜನರ ಜೊತೆ ಕೂತು ಬಲೆಯ ಹರಕು ಹೊಲಿಯುತ್ತಿದ್ದ. ಅಂದು ಪೆಟ್ಟಿಗೆ ತೆರೆಯುವ ದಿನವೆಂದು ಅವನಿಗೆ ಗೊತ್ತಿತ್ತು. ಅವನೇನೂ ಕೇಳಲಿಲ್ಲ. ಅವನ ಪಕ್ಕದಲ್ಲಿದ್ದವನು ಕೇಳಿದ, “ಎಂತ ಆತೆ ನಿನ್ನ ಆ ನಾಲ್ಕು ಗೆರೆ?” ಎಲ್ಲರೂ ತಲೆ ಎತ್ತಿದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

“ಅಲ್ಲಿ ಎಂತೂ ಇಲ್ಲ” ಎಂದೆ.

ಯಾರೋ ಲೊಚಗುಟ್ಟಿದರು. ಇಷ್ಟು ವರ್ಷ ಓದಿ, ಎಂದು ಇನ್ನೊಬ್ಬ ಶುರುಮಾಡಿದ. ಅಪ್ಪ ಬಲೆಯಿಂದ ಕಣ್ಣೆತ್ತದೆ, ಆದರೆ ಎಲ್ಲರಿಗೂ ಕೇಳುವ ಹಾಗೆ, ಹಿಂದೊಮ್ಮೆ ನಾಲ್ಕು ಗೆರೆಯ ಸುದ್ದಿ ಸಾರಿದ್ದಕ್ಕಿಂತ ಜೋರಾಗಿ ಹೇಳಿದ.

“ಅಲ್ಲಿ ಎಂತೂ ಇಲ್ಲ ಅಂತ ಇಡೀ ಲೋಕದಲ್ಲಿ ಮೊದ್ಲು ಗೊತ್ತಾದ್ದು ನಮ್ಮ ಹುಡುಗಿಗೆ.”

ನನಗೆ ಅಳು ಬಂತು. ಅಷ್ಟು ಜನರೆದುರಿಗೆ, ಅಲ್ಲೇ ನಿಂತು ಅತ್ತೆ.